ಗ್ಯಾಸು ಖರ್ಚಾಗೋದಲ್ಲ

ಮೊದಲೇ ಹೇಳಿಬಿಡ್ತೀನಿ ಮರಿಜೋಗಣ್ಣ,
ಗ್ಯಾಸು ಖರ್ಚಾಗೋದಲ್ಲ.
ಪೆಟ್ರೋಲಲ್ಲ ಅದು, ಎಲೆಅಡಿಕೆಯಲ್ಲ,
ಗಾಣದೆತ್ತಿನ ಹಂಗೆ ಪೈಪೊಳಗೇ ಸುತ್ತಿ ಸುತ್ತಿ ಬರ್ತದೆ,
ಹಾಕಿದ್ದು ಹಾಕಿದಂಗೇ ಇರಬೇಕು ವರ್ಷಗಟ್ಟಲೆ.
ಇಲ್ಲ ಅಂದ್ರೆ
ಎಲ್ಲೋ ಒಂದು ಬಾಗಿಲು ತೆರೆದೈತೆ.

ಮೂರು ಸಲ ತುಂಬಿಸಿದ್ಯಂತೆ,
ಮದ್ದೂರಲ್ಲೊಂದು ಸಲ, ಮೈಸೂರಲ್ಲೆರಡು.
ತುಂಬಿದರು, ಕಾಸು ಎಣಿಸಿಕೊಂಡರು,
ಹೋದದ್ದು ಎಲ್ಲಿಗೆ ಅಂತ ಒಬ್ಬನೂ ಕೇಳಲಿಲ್ಲ.
ನಾನೂ ಬೈದೆ ಅವರನ್ನ, ಬಾಯ್ತುಂಬ ಬೈದೆ.
ಅದು ನೆನಪಿರಲಿ.

ವಾರಕ್ಕೆ ಮೂರು ದಿನ ನಿನ್ನ ಹಿಂದಿನ ಸೀಟಲ್ಲಿ ಕೂತು
ಡಯಾಲಿಸಿಸ್ಸಿಗೆ ಹೋಗೋ ನಿಂಗಾಜಮ್ಮ
"ನೀರಂತೂ ಅಳತೆ, ಗಾಳಿನಾದ್ರೂ ತಣ್ಣಗಿರಲಪ್ಪ" ಅಂದಳಂತೆ.
ಆ ಮಾತು ತಂದು ನನ್ನ ಬೆಂಚಿನ ಮೇಲಿಟ್ಟು
ನೀನು ಕಬ್ಬಿನ ಹಾಲು ಕುಡಿಯೋಕೆ ಹೋದೆ.

ಕಿತ್ತಳೆ ಬಣ್ಣದ ಕೇಬಲ್ಲು. ಅದರ ತಂಟೆಗೆ ಮೊದಲು
ಸರ್ವಿಸ್ ಪ್ಲಗ್ಗು ಕಿತ್ತು ಜೇಬಿಗೆ ಹಾಕ್ಕೊಂಡೆ,
ಹತ್ತು ನಿಮಿಷ ಸುಮ್ಮನೆ ಕೂತೆ.
ಮಲಗಿದ ಮೇಲೂ ಒಂದಷ್ಟು ಹೊತ್ತು ಎಚ್ಚರ ಇರ್ತದೆ ಕರೆಂಟು.
ಹೊಂಬಾಳೆ ಚಾ ತಂದಳು.

ಮೂಸೋ ಯಂತ್ರ ಹಿಡಿದೆವು.
ಕಂಡೆನ್ಸರ್ ಹತ್ರ ಕೂಗ್ತು, ಟೈರ್ ಹತ್ರ ಕೂಗ್ತು,
ಬಾಗಿಲಲ್ಲಿ ನಿಂತ ಹೊಂಬಾಳೆ ಹತ್ರಾನೂ ಕೂಗ್ತು.
ಕಾರ್ಖಾನೆ ಕಡೆಯಿಂದ ಕಾಕಂಬಿ ವಾಸನೆ ಬೀಸ್ತಿತ್ತು.
ಪಾಪ, ಪರಊರಿನ ಮೂಗು,
ಮಂಡ್ಯ ಗೊತ್ತಿಲ್ಲ ಅದಕ್ಕೆ.

ನೈಟ್ರೋಜನ್ ಏರಿಸಿ ಕಿವಿ ಇಟ್ಟೆ.
ಎಡಗಿವಿ ಬಾಯ್ಲರ್ ರಿಪೇರಿಲಿ ಹೋಯ್ತು, ಬಲಗಿವಿ ಅರ್ಧ.
"ನೀ ಕೇಳು" ಅಂದೆ ಹುಡುಗಿಗೆ.
ಕಣ್ಣು ಮುಚ್ಚಿದಳು. ಲಾರಿ ಒಂದು ಹೋಯ್ತು, ಇನ್ನೊಂದು ಹೋಯ್ತು.
"ಏನೋ ಐತೆ ಮಾವ. ಹಾವಲ್ಲ, ಹಾವಿನ ಮರಿ."

ಸೋಪುನೀರು ಹಚ್ಚಿದೆವು ಕೀಲುಕೀಲಿಗೂ.
ಕೊನೆಗೆ, ಬ್ಯಾಟರಿ ತಣ್ಣಗಿಡೋ ಪೈಪಿನ ಬುಡದಲ್ಲಿ
ಒಂದು ಗುಳ್ಳೆ.
ಸಾಸಿವೆಯಷ್ಟು. ಬರ್ತಾ ಬರ್ತಾ ಅವರೆಕಾಳು.
ಒಡೀಲಿಲ್ಲ, ಇನ್ನೊಂದನ್ನ ಪಕ್ಕಕ್ಕೆ ಕರ್ಕೊಂತು.

ಷಟರ್ ಎಳೆದೆ. ಹಳದಿ ಕನ್ನಡಕ, ನೇರಳೆ ಟಾರ್ಚು.
ಪೈಪೊಳಗೆ ಬಣ್ಣ ಬಿಟ್ಟಿದ್ದ ಮೈಸೂರಿನೋನು,
ನೋಡೋ ಪುರುಸೊತ್ತು ಇರಲಿಲ್ಲವೇನೋ.
ಕತ್ತಲಲ್ಲಿ ಹಸಿರು ಹೊಳೀತು,
ಮಿಂಚುಹುಳ ಒದ್ದೆಯಾಗಿ ಅಂಟಿಕೊಂಡಂಗೆ.

ಒತ್ತಡ ಇಳಿಸಿ ನಟ್ಟು ಬಿಚ್ಚಿದೆ.
ರಬ್ಬರ್ ಉಂಗುರ ನೆಟ್ಟಗೇ ಇತ್ತು,
ಅದರ ಕೆಳಗೆ ಮಲಗಿತ್ತು ಒಂದು ಎಳೆ.
ಕೂದಲಲ್ಲ, ನೂಲು.
ಚಿಮಟದಲ್ಲಿ ಹಿಡಿದು ಬಿಸಿಲಿಗೆ ತಂದೆ. ನೀಲಿ.
ಹೊಂಬಾಳೆ ನೂಲು ನೋಡಿದಳು,
ಆಮೇಲೆ ಕೊಕ್ಕೆಯಲ್ಲಿ ತೂಗ್ತಿದ್ದ ಒರೆಸೋ ಬಟ್ಟೆ ನೋಡಿದಳು,
ನನ್ನ ಹಳೇ ಚೌಕಳಿ ಲುಂಗಿ.
ಏನೂ ಅನ್ನಲಿಲ್ಲ.

ಹೋದ ಯುಗಾದಿ ಮುಂದೆ, ನೆನಪಾಯ್ತಾ,
ಎಮ್ಮೆ ಗುದ್ದಿ ನಿನ್ನ ಬಂಪರ್ ಒಳಕ್ಕೆ ಹೋಗಿತ್ತಲ್ಲ?
ಆ ಪೈಪು ಬಿಚ್ಚಿದವನು, ಒರೆಸಿದವನು, ಬಿಗಿದವನು,
"ಇನ್ನು ಹತ್ತು ವರ್ಷ ಮುಟ್ಟಂಗಿಲ್ಲ" ಅಂದವನು
ನಾನು.

ಸುಳ್ಳಾಡಲ್ಲ, ಎರಡು ಗಳಿಗೆ ಯೋಚನೆ ಮಾಡಿದೆ.
ಎಳೆ ಬಲು ಹಗುರ,
ಉಫ್ ಅಂದಿದ್ರೆ ಗುತ್ತಲು ರಸ್ತೆ ದಾಟಿಬಿಡ್ತಿತ್ತು.
ಬಿಲ್ಲಿನ ಪುಸ್ತಕ ಹಿಡ್ಕೊಂಡು
"ಏನಂತ ಬರೀಲಿ ಮಾವ?" ಅಂದಳು ಹುಡುಗಿ.

ಹೊಸ ಉಂಗುರ. ಈ ಕಾರಿಗೆ ಸಲ್ಲೋ ಎಣ್ಣೇನೇ ಎರಡು ತೊಟ್ಟು,
ಬೇರೆ ಬಿದ್ರೆ ಕಂಪ್ರೆಸರಿನ ಸುರುಳಿಗೆ ಕೇಡು.
ಮುಕ್ಕಾಲು ಗಂಟೆ ವ್ಯಾಕ್ಯೂಮು, ಮುಳ್ಳು ಕದಲಲಿಲ್ಲ.
ಗ್ಯಾಸು ಅಕ್ಕಸಾಲಿ ಹಂಗೆ ತೂಗಿ ಬಿಟ್ಟಿದ್ದೀನಿ,
ಗ್ರಾಮು ಹೆಚ್ಚಿಲ್ಲ, ಕಮ್ಮಿಯಿಲ್ಲ.
ಕೈ ಇಟ್ಟು ನೋಡು, ಬಾವಿಕಟ್ಟೆ ತಂಪು.

ನೂಲು ಬಿಲ್ಲಿಗೇ ಅಂಟಿಸಿದ್ದೀನಿ, ತಗೋ.
ಕಾಸಿನ ಜಾಗದಲ್ಲಿ ಹೊಂಬಾಳೆ ಗೆರೆ ಎಳೆದವ್ಳೆ.
ಮದ್ದೂರಿನೋನನ್ನ ಮೈಸೂರಿನೋರನ್ನ ಬೈದದ್ದು
ವಾಪಸ್ ತಗೋತೀನಿ, ಅರ್ಧ.
ಹುಡುಕಬೇಕಿತ್ತು ತಾನೆ ಅವರೂ.

ನಗಬೇಡ ಮರಿಜೋಗಣ್ಣ, ಬೈಯಿ.
ಬಲಗಿವಿ ಕಡೆ ನಿಂತ್ಕೊಂಡು ಬೈಯಿ.